ಮೊಸರನ್ನ ಬಿಟ್ಟ ನಾಯಿ

ನಮ್ಮ ಮನೆಯ ನಾಯಿಗೆ ಹೆಸರಿರಲಿಲ್ಲ. ಇಡಬೇಕು ಅಂತ ಎಲ್ಲರೂ ಅಂದುಕೊಂಡಿದ್ದೆವು. 'ಬಾರಾ' ಅಂದರೆ ಬರುತ್ತಿತ್ತಲ್ಲ, ಹಾಗಾಗಿ ಹೆಸರಿನ ಅಗತ್ಯವೇ ಬೀಳಲಿಲ್ಲ. ಕೊಂಕಣ ರೈಲು ಶುರುವಾದ ಹೊಸತರಲ್ಲಿ, ಭಟ್ಕಳದ ಬ್ಯಾಂಕಿನಿಂದ ಬರುತ್ತಿದ್ದ ನನ್ನವರ ಹಿಂದೆ ಹೊನ್ನಾವರದ ಸ್ಟೇಷನ್ನಿನಿಂದ ಮನೆಯವರೆಗೂ ನಡೆದು ಬಂದ ಕೆಂಪು ಮರಿ ಅದು. ಆ ದಿನ ಮಧ್ಯಾಹ್ನದ ಅನ್ನ ಒಂದು ಹಿಡಿ ಉಳಿದಿತ್ತು. ಮೊಸರು ಕಲೆಸಿ ತೆಂಗಿನ ಗರಟೆಯಲ್ಲಿ ಹಾಕಿದೆ. ತಿಂದು, ಗರಟೆಯನ್ನು ಅಂಗಳದ ತುಂಬ ಉರುಳಿಸಿಕೊಂಡು ನೆಕ್ಕಿತು. ಅಲ್ಲಿಂದ ಮುಂದೆ ಅದರ ಊಟ ಅದೇ ಆಯಿತು. ಬೆಳಿಗ್ಗೆ ಒಂದು ದೋಸೆ, ಮಧ್ಯಾಹ್ನ ಮೊಸರನ್ನ, ಸಂಜೆ ನಾವು ಚಹಾ ಕುಡಿಯುವಾಗ ಒಂದು ತುಂಡು ಬೆಲ್ಲ.

ನಮ್ಮದು ಮೀನು ಒಳಗೆ ಬಾರದ ಮನೆ. ಬಂದವರಿಗೆಲ್ಲ ನನ್ನವರು ಹೆಮ್ಮೆಯಿಂದ ಹೇಳುತ್ತಿದ್ದರು, "ನಮ್ಮ ನಾಯಿ ಮೀನು ಮುಟ್ಟೂದೇ ಇಲ್ಲ." ಅದರ ಎದುರು ಯಾರೂ ಯಾವತ್ತೂ ಮೀನು ಇಟ್ಟಿರಲಿಲ್ಲ ಅನ್ನುವುದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಮನೆಯಲ್ಲಿ ಒಂದು ಬೂದು ಬೆಕ್ಕೂ ಇತ್ತು. ಅದು ದಿನವಿಡೀ ಎಲ್ಲಿ ಹೋಗಿ ಎಂತ ತಿಂದು ಬರುತ್ತದೆ ಅಂತ ಮಾತ್ರ ನಾವು ವಿಚಾರಿಸುವ ಗೋಜಿಗೆ ಹೋಗಲಿಲ್ಲ.

ನನ್ನವರಿಗೆ ಪರದೇಶ ನೋಡುವ ಆಸೆ ಹುಟ್ಟಿದ್ದು ಬ್ಯಾಂಕಿನ ಕೌಂಟರಿನಲ್ಲಿ. ಭಟ್ಕಳದಲ್ಲಿ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಗಲ್ಫಿನಲ್ಲಿ ದುಡಿಯುವವರು. ಗುರುತಿಗೆಂದು ಅವರು ತರುತ್ತಿದ್ದದ್ದು ಪಾಸ್‌ಪೋರ್ಟು. ಪುಟ ಪುಟಕ್ಕೂ ಬಿದ್ದ ಠಸ್ಸೆಗಳನ್ನು ಇವರು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡುತ್ತಿದ್ದರಂತೆ. ಸಂಜೆ ಬಂದು ಹೇಳುತ್ತಿದ್ದರು, "ಇವತ್ತೊಬ್ಬರ ಪಾಸ್‌ಪೋರ್ಟಲ್ಲಿ ಠಸ್ಸೆ ಹೊಡೆಯಲೆ ಜಾಗವೇ ಇಲ್ಲೆ, ಗೊತ್ತಿದ್ದಾ?" ನಾನು ಕುಮಟೆಯ ಶಾಲೆಯಿಂದ ಬಂದು ಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿರುತ್ತಿದ್ದೆ. ದಿನಾ ಬೆಳಿಗ್ಗೆ ಅವರು ದಕ್ಷಿಣಕ್ಕೆ, ನಾನು ಉತ್ತರಕ್ಕೆ. ನಮ್ಮ ಪರದೇಶ ಅಂದರೆ ಅಷ್ಟೇ ಆಗಿತ್ತು.

ಅವರು ನಿವೃತ್ತರಾದರು. ಮಂಡಿನೋವಿಗೆ ಸೋತು ನಾನೂ ಸ್ವಲ್ಪ ಮುಂಚೆಯೇ ಕೆಲಸ ಬಿಟ್ಟೆ. ಮಗಳು ಮದುವೆಯಾಗಿ ಹೊಳನಗದ್ದೆಯಲ್ಲಿದ್ದಳು. ಮನೆಯಲ್ಲಿ ನಾವಿಬ್ಬರು, ನಾಯಿ, ಬೆಕ್ಕು. ನಿವೃತ್ತಿಯ ಮೊದಲ ತಿಂಗಳುಗಳಲ್ಲಿ ನನ್ನವರು ಒಂಬತ್ತು ಗಂಟೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಿದ್ದರು, ಸುಮ್ಮನೆ. ನಾಯಿ ಪಾದದ ಮೇಲೆ ತಲೆಯಿಟ್ಟು ಮಲಗುತ್ತಿತ್ತು. ಅವರು ಅದಕ್ಕೆ ಪೇಪರ್ ಓದಿ ಹೇಳುತ್ತಿದ್ದರು. ಇಬ್ಬರಿಗೂ ಬೇರೆ ಕೆಲಸವಿರಲಿಲ್ಲ.

ಯೂರೋ ನೋಟು ಬಂದು ಒಂದೆರಡು ವರ್ಷವಾಗಿತ್ತು. ಮುಂಬಯಿಯಿಂದ ಹೊರಡುವ ಯುರೋಪ್ ಪ್ರವಾಸಕ್ಕೆ ಹೆಸರು ಕೊಟ್ಟೆವು. ಚೌತಿ ಮುಗಿಸಿ ಹೊರಡುವುದು, ಒಟ್ಟು ಹತ್ತೊಂಬತ್ತು ದಿನ. ಬೆಕ್ಕನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತೇವೆ ಅಂದರು. ನಾಯಿಯನ್ನು ಮಗಳ ಮನೆಯಲ್ಲಿ ಬಿಡುವಂತಿರಲಿಲ್ಲ, ಅವಳ ಮಾವನವರಿಗೆ ನಾಯಿ ಕಂಡರೆ ಉಬ್ಬಸ. ಆಗ ನೆನಪಾದವಳು ಶರಾವತಿಯ ಆಚೆ ದಡದ ಕಾಸರಕೋಡಿಗೆ ಮದುವೆಯಾಗಿ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿನಿ. ಗಂಡ ದೋಣಿಯಲ್ಲಿ ಹೋಗುತ್ತಿದ್ದ. ಅವಳೂ ಅತ್ತೆಯೂ ಮೀನು ಒಣಗಿಸಿ ಮಾರುತ್ತಿದ್ದರು. ಪೇಟೆಗೆ ಬಂದಾಗಲೆಲ್ಲ ನಮ್ಮ ಗೇಟಿನ ಹತ್ತಿರ ನಿಂತು ಮಾತಾಡಿ ಹೋಗುತ್ತಿದ್ದಳು.

"ನಾ ನೋಡ್ಕಂತೆ ಅಕ್ಕೋರೆ, ನೀವ್ ಆರಾಮ್ ಹೋಗ್ ಬನ್ನಿ. ಅದ್ಕೆ ಎಂತ ಹಾಕೂದು?"

"ಅನ್ನ, ಮೊಸರು."

"ಮತ್ತೆ?"

"ಮತ್ತೆ ಎಂತದೂ ಇಲ್ಲ."

"ಬರೀ ಅನ್ನ ಮೊಸ್ರಾ?" ಅವಳು ನಾಯಿಯನ್ನು ಕನಿಕರದಿಂದ ನೋಡಿದಳು. "ಪಾಪ, ಜ್ವರ ಬಂದದ್ಯಾ?"

ನನ್ನವರು ಒಂದು ಹಾಳೆಯ ಮೇಲೆ ದೋಸೆಯ ಹೊತ್ತು, ಅನ್ನದ ಹೊತ್ತು, ಬೆಲ್ಲದ ಹೊತ್ತು ಎಲ್ಲ ಬರೆದರು. ಕೊನೆಗೆ 'ಮೀನು ಕೊಡಬಾರದು' ಅಂತ ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು. ಒಂದು ಚೀಲ ಅಕ್ಕಿ, ಒಂದು ಅಚ್ಚು ಬೆಲ್ಲ, ಹೆಪ್ಪಿಗೆಂದು ಒಂದು ಸಣ್ಣ ಡಬ್ಬಿ ಮೊಸರು. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಇಷ್ಟು ಸಾಮಾನು ಕಟ್ಟಿರಲಿಲ್ಲ. ಅಟೋದಲ್ಲಿ ಶರಾವತಿ ಸೇತುವೆ ದಾಟಿ ಬಿಟ್ಟು ಬಂದೆವು. ಅಂಗಳದ ತುಂಬ ಬಲೆ ಹಾಸಿ ಮೀನು ಹರವಿದ್ದರು. ನಾಯಿ ಮೂಗೆತ್ತಿ ನಿಂತಿತ್ತು. "ವಾಸನೆಗೆ ಬೇಜಾರಾಜು ಕಾಣ್ತು ಪಾಪ" ಅಂದರು ನನ್ನವರು.

ಯುರೋಪಿನಲ್ಲಿ ಎಲ್ಲರೂ ತಲೆಯೆತ್ತಿ ನೋಡುವಲ್ಲಿ ನನ್ನವರು ತಲೆ ತಗ್ಗಿಸಿ ನೋಡುತ್ತಿದ್ದರು. ಪ್ಯಾರಿಸ್ಸಿನ ಗೋಪುರದ ಕೆಳಗೆ ನಮ್ಮ ಬಸ್ಸಿನವರೆಲ್ಲ ಫೋಟೋ ತೆಗೆಸಿಕೊಳ್ಳುತ್ತಿದ್ದರೆ, ಇವರು ಸ್ವೆಟರ್ ಹಾಕಿಕೊಂಡ ಒಂದು ಪುಟ್ಟ ನಾಯಿಯನ್ನು "ಬಾರಾ, ಬಾರಾ" ಅಂತ ಕರೆಯುತ್ತಿದ್ದರು. ಅದೂ ಬಂತು! ಸ್ವಿಟ್ಜರ್ಲೆಂಡಿನ ರೈಲಿನಲ್ಲಿ ನಮ್ಮ ಎದುರು ಸೀಟಿನ ಕೆಳಗೆ ಕರುವಿನಷ್ಟು ದೊಡ್ಡ ನಾಯಿ ಮಲಗಿತ್ತು. ಟಿಕೇಟು ನೋಡಲು ಬಂದವನು ಯಜಮಾನಿಯ ಟಿಕೇಟಿನ ಜೊತೆಗೆ ಅದರದ್ದನ್ನೂ ಕೇಳಿ ನೋಡಿದ. "ನೋಡೇ, ನಾಯಿಗೂ ಟಿಕೇಟಿದ್ದು" ಅಂತ ನನ್ನವರು ನನ್ನ ಮಂಡಿಗೇ ಹೊಡೆದರು. ವೆನಿಸ್ಸಿನಲ್ಲಿ ದೋಣಿ ಹತ್ತಿದಾಗ ಇಬ್ಬರೂ ಒಟ್ಟಿಗೇ ಮೂಗು ಅರಳಿಸಿದೆವು. ಇಳಿತದ ಹೊತ್ತಿನ ಕೆಸರು, ಉಪ್ಪು, ಹಳೆಯ ಹಗ್ಗದ ವಾಸನೆ. ನಮ್ಮ ಶರಾವತಿ ಕಡಲು ಸೇರುವ ಅಳಿವೆಯದ್ದೇ. ಬಸ್ಸಿನ ಒಬ್ಬರು ಮೂಗಿಗೆ ಕರವಸ್ತ್ರ ಹಿಡಿದರು. ನನಗೆ ಮಾತ್ರ ಅಷ್ಟು ದಿನದಲ್ಲಿ ಮೊದಲ ಸಲ ಹಸಿವಾಯಿತು.

ಸ್ವಿಟ್ಜರ್ಲೆಂಡಿನಲ್ಲಿದ್ದಾಗ, ಸರೋವರದ ಪಕ್ಕದ ಒಂದು ಬೂತಿನಿಂದ ನನ್ನವರು ಕಾಸರಕೋಡಿಗೆ ಫೋನು ಮಾಡಿದ್ದರು. ನಾನೂ ಕಿವಿ ತಾಗಿಸಿ ನಿಂತಿದ್ದೆ. ಎತ್ತಿದ್ದು ನನ್ನ ವಿದ್ಯಾರ್ಥಿನಿಯ ಅತ್ತೆ, ಎಪ್ಪತ್ತರ ಮುದುಕಿ.

"ನಾನು, ಸ್ವಿಟ್ಜರ್ಲೆಂಡಿಂದ."

"ಅದ್ ಯಾರ್ ಮನೆ?"

"ನಾಯಿ ಬಿಟ್ಟು ಹೋದವ್ರು!"

"ಓ, ಸಾಹೇಬ್ರಾ! ಊಟ ಆತಾ?"

"ಆತು. ನಾಯಿ ತಿಂತದ್ಯಾ?"

"ತಿಂತದೆ ತಿಂತದೆ. ಚಲೋ ತಿಂತದೆ."

ಫೋನಿಟ್ಟು ಸಮಾಧಾನದಿಂದ ನಕ್ಕರು. ನಾಲ್ಕು ಹೆಜ್ಜೆ ನಡೆದ ಮೇಲೆ, "ಎಂಗ ಇಲ್ಲದೇ ಹೋದ್ರೂ ತಿಂತು ಹೇಳಾತು" ಅಂದರು. ನಾವಿಲ್ಲದೆಯೂ ಅದು ತಿನ್ನುತ್ತದೆ ಎಂದಾದ ಮೇಲೆ ನಗು ಸ್ವಲ್ಪ ಇಳಿದಿತ್ತು.

ಊರಿಗೆ ಬಂದ ದಿನ ನನ್ನವರು ಸ್ನಾನ ಮಾಡಿ ನೇರ ಕಾಸರಕೋಡಿಗೆ ಹೋದರು. ನಾಯಿ ಮೈ ತುಂಬಿಕೊಂಡು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಇವರನ್ನು ಕಂಡು ಕುಣಿಯಿತು, ಕೈ ಮುಖ ನೆಕ್ಕಿತು, ಅಟೋ ಹತ್ತಿ ಬಂತು. ನಾನು ಮೊಸರನ್ನ ಕಲೆಸಿ ಇಟ್ಟೆ. ಮೂಸಿತು. ನನ್ನ ಮುಖ ನೋಡಿತು. ಮುಖ ತಿರುಗಿಸಿ ಕೂತಿತು.

"ಮೊಸ್ರು ಹುಳಿ ಬಂಜು ಕಾಣ್ತು" ಅಂದರು ನನ್ನವರು.

ಹೊಸ ಮೊಸರು ಹಾಕಿದೆ. ಹಾಲು ಹಾಕಿದೆ. ತುಪ್ಪದ ದೋಸೆ ಹಾಕಿದೆ, ಅದನ್ನು ಅರ್ಧ ತಿಂದಿತು, ಅದೂ ನನ್ನ ಮೇಲಿನ ದಾಕ್ಷಿಣ್ಯಕ್ಕೆ. ಎರಡು ದಿನ ಹೀಗೇ ಆಯಿತು. ಮೂರನೆಯ ದಿನ ಬೆಳಿಗ್ಗೆ ನಾಯಿ ಇರಲಿಲ್ಲ. ಹತ್ತು ಗಂಟೆಗೆ ನನ್ನ ವಿದ್ಯಾರ್ಥಿನಿಯ ಫೋನು ಬಂತು: "ಅಕ್ಕೋರೆ, ನಿಮ್ ನಾಯಿ ಇಲ್ಲ್ ಬಂದದೆ."

ಹೋಗಿ ತಂದರು. ಮರುದಿನ ಮತ್ತೆ ಹೋಯಿತು. ಆ ಸಲ ದಕ್ಷಿಣದ ಮಂಕಿ ಊರಿನ ಕಡೆಯಿಂದ ಬಸ್ಸಿನಲ್ಲಿ ಬಂದ ಪರಿಚಯದವರೊಬ್ಬರು ಗೇಟಿನಲ್ಲೇ ನಿಂತು ಹೇಳಿದರು, "ನಿಮ್ಮ ನಾಯಿ ಸೇತುವೆ ಮೇಲೆ ಲಾರಿ ಎದುರಿಗೇ ಹೋಗ್ತಿತ್ತು. ಡ್ರೈವರ್ ಬ್ರೇಕ್ ಹಾಕ್ದೇ ಇದ್ದಿದ್ರೆ ಮುಗ್ದೇ ಹೋಗ್ತಿತ್ತು." ಹೆದ್ದಾರಿಯ ಉದ್ದನೆಯ ಸೇತುವೆ ಅದು, ಪಕ್ಕಕ್ಕೆ ಸರಿಯಲೂ ಜಾಗವಿಲ್ಲ. ಮನೆಗೆ ತಂದಷ್ಟು ಸಲ ಅದು ಆ ಸೇತುವೆಯ ಮೇಲೆ ನಡೆಯುತ್ತದೆ. ಒಂದಲ್ಲ ಒಂದು ದಿನ ಬ್ರೇಕ್ ಹತ್ತುವುದಿಲ್ಲ.

ಒಂದು ದಿನ ಕಟ್ಟಿಹಾಕಿದೆವು. ಬೊಗಳಲಿಲ್ಲ, ಅಳಲಿಲ್ಲ. ದಕ್ಷಿಣದ ಕಡೆ ಮುಖ ಮಾಡಿ ಸುಮ್ಮನೆ ಕೂತಿತ್ತು. ನನ್ನವರೂ ಊಟ ಬಿಟ್ಟರು. ಆಗ ನಾನೇ ಸೋತೆ. "ಬಾವಿಕಟ್ಟೆ ಹಿಂದೆ ಬೇಕಾದ್ರೆ ಒಣಮೀನು ಹಾಕಿ. ಆನು ನೋಡ್ತಿಲ್ಲೆ. ಆದ್ರೆ ಕೈ ತೊಳ್ಕಂಡು, ಪಂಚೆ ಬದಲ್ಸಿಕೊಂಡು ಒಳಗೆ ಬರವು."

ಅಡುಗೆಮನೆಯಲ್ಲಿ ದೇವರ ಪೀಠವಿದ್ದ ಮನೆ. ಆ ಮಾತು ನನ್ನ ಬಾಯಿಂದ ಬಂದಿದ್ದಕ್ಕೆ ಅವರು ನನ್ನನ್ನೇ ನೋಡುತ್ತ ನಿಂತರು. ಆಮೇಲೆ ಪೇಟೆಗೆ ಹೋಗಿ, ಕಾಗದದಲ್ಲಿ ಸುತ್ತಿದ ಪೊಟ್ಟಣವನ್ನು ಮೈಯಿಂದ ಒಂದು ಮಾರು ದೂರ ಹಿಡಿದುಕೊಂಡು ಬಂದರು. ನಾಯಿ ತಿಂದಿತು. ಒಂದು ಚೂರೂ ಬಿಡದೆ ತಿಂದಿತು. ಇವರು ಗೆದ್ದವರ ಹಾಗೆ ನನ್ನ ಕಡೆ ತಿರುಗಿದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿಲ್ಲದವಳ ಹಾಗೆ ನೋಡುತ್ತಿದ್ದೆ. ಕಟ್ಟು ಬಿಚ್ಚಿದರು. ನಾಯಿ ಬಾಯಿ ನೆಕ್ಕಿಕೊಂಡು, ಬಾಲ ಆಡಿಸಿ, ಗೇಟಿನ ಸಂದಿಯಿಂದ ನುಸುಳಿ ದಕ್ಷಿಣಕ್ಕೆ ಹೊರಟಿತು.

ಇವರು ಪಂಚೆ ಎತ್ತಿಕಟ್ಟಿ ಹಿಂದೆ ಓಡಿದರು. ನಾನು ಸಿಕ್ಕ ಅಟೋ ಹತ್ತಿಕೊಂಡು ಹೊರಟೆ. ಸೇತುವೆಗೆ ಸ್ವಲ್ಪ ಮುಂಚೆ ಇಬ್ಬರನ್ನೂ ಹತ್ತಿಸಿಕೊಂಡೆ. "ಎಲ್ಲಿಗೆ?" ಅಂದ ಅಟೋದವ. ನನ್ನವರು ಏದುಸಿರು ಬಿಡುತ್ತ ದಕ್ಷಿಣಕ್ಕೇ ಕೈ ತೋರಿಸಿದರು.

ಕಾಸರಕೋಡಿನಲ್ಲಿ ಇಳಿದದ್ದೇ ತಡ, ನಾಯಿ ಮೀನು ಹರವಿದ ಬಲೆಯ ಮೂಲೆಗೆ ಹೋಗಿ ಕೂತಿತು. ಒಂದು ಕಾಗೆ ಇಳಿಯಿತು. ನಾಯಿ ಎದ್ದು ಓಡಿಸಿ, ಬಂದು ಮತ್ತೆ ಅದೇ ಜಾಗದಲ್ಲಿ ಕೂತಿತು. ಮೀನಿಗೆ ಬಾಯಿ ಹಾಕಲಿಲ್ಲ.

"ನೀವು ಮೀನು ಕೊಟ್ರಿ ಅಲ್ದಾ?" ನನ್ನವರು ಮುದುಕಿಯನ್ನು ಕೇಳಿದರು.

"ಕೊಡದೆ? ಬೆಳ್ಗಿಂದ ಸಂಜೆವರೆಗೆ ಕಾಗೆ ಓಡ್ಸ್ತದೆ. ಕೂಲಿ ಕೊಡೂದ್ ಬ್ಯಾಡ್ವಾ?"

"ಮತ್ತೆ ಅನ್ನ ಮೊಸರು?"

"ಮೊದ್ಲ್ ದಿನ ತಿಂತು. ಆಮೇಲೆ ಮೂಸಿ ನೋಡ್ಲಿಲ್ಲ. ನೀವ್ ಕೊಟ್ಟ ಅಕ್ಕಿ ನಾವೇ ಉಂಡ್ವಿ. ಅಕ್ಕಿ ಚಲೋ ಇತ್ತು."

"ಅತ್ತೆ, ಸುಮ್ನಿರಿ" ಅಂತ ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ನಾ ಎಂತಕ್ ಸುಮ್ನಿರ್ಬೇಕೆ? ಸಾಹೇಬ್ರು ಅಷ್ಟ್ ದೂರ ಹೋಗ್ ಬಂದ್ರು. ಅಲ್ಲಿ ಎಂತ ತಿಂದ್ರಿ ಅಂತ ನಾಯಿ ಕೇಳ್ತಾ?"

ನಾನು ನಕ್ಕುಬಿಟ್ಟೆ. ನನ್ನವರು ನಗಲಿಲ್ಲ. ನಾಯಿಯ ಪಕ್ಕ ಮರಳಿನ ಮೇಲೇ ಕುಕ್ಕರುಗಾಲಿನಲ್ಲಿ ಕೂತು ಸುಮಾರು ಹೊತ್ತು ಅದನ್ನು ನೋಡಿದರು. ಅದು ಒಂದು ಸಲ ಬಾಲ ಬಡಿದು, ಕಣ್ಣನ್ನು ಮತ್ತೆ ಕಾಗೆಗಳ ಮೇಲೇ ಇಟ್ಟಿತು. "ಇದ್ಕೆ ಇಲ್ಲಿ ಕೆಲಸ ಇದ್ದು" ಅಂದರು ನನಗೆ ಮಾತ್ರ ಕೇಳುವಂತೆ. ಆಮೇಲೆ ಮುದುಕಿಗೆ ಹೇಳಿದರು, "ಇಲ್ಲೇ ಇರ್ಲಿ. ಆದ್ರೆ ರಸ್ತೆಗೆ ಬಿಡ್ಬೇಡಿ. ನಾನೇ ಬಂದು ನೋಡ್ಕಂಡು ಹೋಗ್ತೆ."

ಮನೆಗೆ ಬಂದು ಅವರು ಗರಟೆ ತೊಳೆದು ಬಾವಿಕಟ್ಟೆಯ ಮೇಲೆ ಕವುಚಿ ಹಾಕಿದರು.

ಮರುದಿನ ಸಂಜೆಯಿಂದಲೇ ನನ್ನವರ ವಾಕಿಂಗ್ ಸೇತುವೆಯ ಆಚೆಗೆ ಶುರುವಾಯಿತು. ಮೊದಮೊದಲು ಒಂದು ಗಂಟೆಯಲ್ಲಿ ವಾಪಸಾಗುತ್ತಿದ್ದರು. ಆಮೇಲೆ ದೀಪ ಹಚ್ಚುವ ಹೊತ್ತಾದರೂ ಪತ್ತೆಯಿಲ್ಲ. ಯಾಕೆ ತಡ ಅಂತ ನೋಡಲು ಒಂದು ದಿನ ಮಂಡಿಗೆ ಎಣ್ಣೆ ಹಚ್ಚಿಕೊಂಡು ನಾನೂ ಜೊತೆಗೆ ಹೋದೆ. ಯುರೋಪಿನ ಸುದ್ದಿ ಹೇಳಲು ಹೋದರೆ ನಮ್ಮ ನೆಂಟರಿಷ್ಟರಲ್ಲಿ ಆ ಹೊತ್ತಿಗಾಗಲೇ ಯಾರೂ ಕಿವಿ ಕೊಡುತ್ತಿರಲಿಲ್ಲ. ಫೋಟೋ ಆಲ್ಬಮ್ ತೆಗೆದರೆ ಮಗಳೂ ಗ್ಯಾಸ್ ಮೇಲೆ ಹಾಲಿಟ್ಟಿದ್ದೇನೆ ಅಂತ ಎದ್ದು ಹೋಗುತ್ತಿದ್ದಳು. ಇಲ್ಲಿ ನೋಡಿದರೆ ಬಲೆ ಹೆಣೆಯುವ ನಾಲ್ಕು ಜನರ ನಡುವೆ ನನ್ನವರು ಮಗುಚಿಟ್ಟ ಬುಟ್ಟಿಯ ಮೇಲೆ ಕೂತು ವೆನಿಸ್ಸಿನ ಸುದ್ದಿ ಹೇಳುತ್ತಿದ್ದಾರೆ.

"ಆ ನೀರೂರಲ್ಲಿ ದೋಣಿ ಎಂತದ್ಕೆ ಕಟ್ತ್ರು ಸಾಹೇಬ್ರೆ?"

"ನೀರಲ್ಲೇ ಕಂಬ ನೆಟ್ಟಿದ್ರು. ಬಣ್ಣ ಬಳ್ದ ಕಂಬ."

"ಭರತಕ್ಕೆ ನೀರ್ ಎಷ್ಟ್ ಏರ್ತದೆ?"

ನನ್ನವರು ಕಣ್ಣು ಮುಚ್ಚಿ ನೆನಪು ಮಾಡಿಕೊಂಡು, ಮನೆಗಳ ಗೋಡೆಯ ಪಾಚಿಗೆರೆ ಎಲ್ಲಿಯವರೆಗೆ ಇತ್ತು ಅಂತ ಕೈಯಲ್ಲಿ ಅಳತೆ ತೋರಿಸಿದರು. ನಾನು ಪಕ್ಕದಲ್ಲೇ ಕೂತು ದೋಣಿಯಲ್ಲಿ ಹೋದವಳು, ಆ ಗೆರೆಯನ್ನು ಕಂಡೇ ಇರಲಿಲ್ಲ. "ಅಷ್ಟೇಯಾ? ನಮ್ದೇ ಜಾಸ್ತಿ ಬಿಡಿ" ಅಂದ ಒಬ್ಬ. ಎಲ್ಲರೂ ನಕ್ಕರು. ನಾಯಿ ನನ್ನವರ ಕಾಲ ಬುಡದಲ್ಲಿ ಮಲಗಿತ್ತು. ಅದರ ಆ ದಿನದ ಕೆಲಸವೂ ಮುಗಿದಿತ್ತು, ಮೀನನ್ನು ಒಳಗೆ ತೆಗೆದಿದ್ದರು.

ಹೊರಟಾಗ ಅದು ಎದ್ದು ನಮ್ಮ ಜೊತೆ ಬಂತು. ಸೇತುವೆ ಇನ್ನೂ ಒಂದು ಫರ್ಲಾಂಗು ದೂರವಿರುವಾಗಲೇ ನನ್ನವರು ನಿಂತರು. ಬಗ್ಗಿ ಅದರ ಕಿವಿಯ ಹಿಂದೆ ತುರಿಸಿದರು. ಅಂಗೈ ಮೂಸಿಕೊಂಡು, ವಾಸನೆಗೆ ಮುಖ ಕಿವುಚಿ, ಮತ್ತೆ ತುರಿಸಿದರು.

"ಆತು. ಇನ್ನು ಮನೆಗೆ ಹೋಗು" ಅಂದರು.

ನಾಯಿ ತಿರುಗಿ, ತೆಂಗಿನ ಮರಗಳ ನಡುವಿನ ಮರಳು ದಾರಿ ಹಿಡಿದು ಹೋಯಿತು. ಅದು ಆ ಅಂಗಳದೊಳಗೆ ಸೇರುವವರೆಗೂ ಅವರು ನಿಂತು ನೋಡಿದರು. ಆಮೇಲೆ ನಾವಿಬ್ಬರೂ ಸೇತುವೆ ಹತ್ತಿದೆವು.