ಕತ್ತರಿಸಿದ ನಾಲ್ಕು ಸಾಲು

ವಸಂತಣ್ಣ, ಆ ಎಚ್ಚರಿಕೆಯನ್ನು ನೀವು ಓದದೆ ಬಿಟ್ಟದ್ದಲ್ಲ. ಅದು ಅಚ್ಚೇ ಆಗಿರಲಿಲ್ಲ. ಕತ್ತರಿಸಿದವನು ನಾನು.

ಪುಟದಲ್ಲಿ ಜಾಗ ಸಾಲದಿದ್ದರೆ ಬರಹವನ್ನು ಬಾಲದ ಕಡೆಯಿಂದ ಕತ್ತರಿಸುವುದು ನಮ್ಮ ಪತ್ರಿಕೆಯ ಡೆಸ್ಕಿನ ರೂಢಿ — ಮುಖ್ಯವಾದದ್ದು ಮೇಲೇ ಇರುತ್ತದೆಂಬ ನಂಬಿಕೆ. ಕ್ರಿಪ್ಟೊ ವಾಯಿದೆ ವ್ಯಾಪಾರದ ಬಗ್ಗೆ ನಾನು ಬರೆದದ್ದರಲ್ಲಿ ಮುಖ್ಯವಾದದ್ದು ಕೆಳಗಿತ್ತು. ಕೈಯಲ್ಲಿರುವ ಹಣವನ್ನು ಎಕ್ಸ್‌ಚೇಂಜಿನಲ್ಲಿ ಒತ್ತೆಯಿಟ್ಟು ಅದರ ಹತ್ತು ಪಟ್ಟು ವ್ಯವಹಾರ ಹೇಗೆ ಮಾಡಬಹುದೆಂದು ಮೇಲೆ ವಿವರಿಸಿದ್ದೆ. ಕಡೆಯ ನಾಲ್ಕು ಸಾಲು ಹೀಗಿತ್ತು: ಬೆಲೆ ಹತ್ತರಲ್ಲೊಂದು ಪಾಲು ಇಳಿಯುವ ಮೊದಲೇ ಎಕ್ಸ್‌ಚೇಂಜ್ ನಿಮ್ಮನ್ನು ಕೇಳದೆ ಎಲ್ಲವನ್ನೂ ಮಾರಿಬಿಡುತ್ತದೆ, ಕೊಳ್ಳುವವರು ಕಡಿಮೆಯಿದ್ದರೆ ಆ ಮಾರಾಟವೇ ಬೆಲೆಯನ್ನು ಇನ್ನಷ್ಟು ತಳ್ಳಿ ಮುಂದಿನವನದ್ದನ್ನೂ ಮಾರಿಸುತ್ತದೆ, ಕಾದು ನೋಡುವ ಅವಕಾಶ ಯಾರಿಗೂ ಇರುವುದಿಲ್ಲ.

ಅಂದು ಮೊದಲ ಸಲ ಲೇಖನದ ಜೊತೆ ನನ್ನ ಫೋಟೊ ಬರುವುದಿತ್ತು. ಫೋಟೊ ಕೈಬಿಟ್ಟಿದ್ದರೆ ಸಾಲುಗಳು ಉಳಿಯುತ್ತಿದ್ದವು. ರೂಢಿಯಂತೆ ನಾನು — ಇಲ್ಲ, ರೂಢಿಯನ್ನು ಇದಕ್ಕೆ ಎಳೆಯಬಾರದು. ನನಗೆ ನನ್ನ ಮುಖ ಬೇಕಿತ್ತು.

ಮಹಾಪೆಯ ನಿಮ್ಮ ಕ್ಯಾಂಟೀನಿನಲ್ಲಿ ಆ ಪುಟವನ್ನು ಬಂದವರಿಗೆಲ್ಲ ತೋರಿಸಿದಿರಿ. ಗುತ್ತಿಗೆ ಮುಂದುವರಿಸಲು ತೆಗೆದಿಟ್ಟ ಡಿಪಾಸಿಟ್ ಹಣವನ್ನೇ ಹಾಕಿದಿರಿ. ಬೆಲೆ ಇಳಿದರೆ ಏರುವ ತನಕ ಕಾದರಾಯಿತು — ಹೋಟೆಲಿನವರ ಲೆಕ್ಕ ಅದು. ಇಂದು ಬಾರದ ಗಿರಾಕಿ ನಾಳೆ ಬಂದೇ ಬರುತ್ತಾನೆ.

ಒಂದು ಬೆಳಿಗ್ಗೆ ಬೆಲೆ ಕುಸಿಯಿತು. ಸಂಜೆಗೆ ಮೊದಲಿನ ಮಟ್ಟಕ್ಕೇ ಬಂತು; ಅಷ್ಟರಲ್ಲಿ ನಿಮ್ಮದು ಮಾರಿಹೋಗಿತ್ತು. ಹೆಂಡತಿ ಸುಮತಿ ಅಕ್ಕನೊಂದಿಗೆ ಡೊಂಬಿವಲಿಯ ನನ್ನ ಮನೆಗೆ ಬಂದು ಮೊಬೈಲನ್ನು ಮುಂದೆ ಹಿಡಿದಿರಿ.

"ರೇಟು ವಾಪಸ್ ಬಂದಿದೆಯಲ್ಲ ಮಾರಾಯಾ, ನನ್ನದು ಮಾತ್ರ ಎಲ್ಲಿ ಹೋಯ್ತು?"

"ಕೊನೆಯಲ್ಲಿ ಬರೆದಿದ್ದೆನಲ್ಲ ಅಣ್ಣ," ಎಂದೆ.

ಬರೆದದ್ದು ನಿಜ. ಎಷ್ಟು ಎಚ್ಚರದಿಂದ ಆರಿಸಿದ ನಿಜ!

ಅಕ್ಕ ನಿಮ್ಮ ಕಡೆ ತಿರುಗಿದರು. "ಇವರಿಗೆ ಪೇಪರ್ ಇರುದು ವಡೆ ಕಟ್ಲಿಕ್ಕೆ. ಆ ಪುಟದಲ್ಲೂ ವಡೆ ಕಟ್ಟಿ ಕೊಟ್ಟಾಯ್ತು. ಓದ್ಲಿಕ್ಕೆ ಪುರುಸೊತ್ತು ಎಲ್ಲುಂಟು?"

ನೀವು ತಲೆ ತಗ್ಗಿಸಿದಿರಿ. "ತಪ್ಪು ನಂದೇ. ಅರ್ಧ ಓದಿ ಬಿಟ್ಟಿರ್ಬೇಕು. ನಿನ್ನ ಹೆಸರು ಹಾಳು ಮಾಡಿದೆ ನಾನು."

ನಾನು ಚಹಾ ಮಾಡುವ ನೆವದಲ್ಲಿ ಒಳಗೆ ಹೋದೆ.

ಕ್ಯಾಂಟೀನು ಬೇರೆಯವರ ಕೈ ಸೇರಿತು. ಈಗ ತುರ್ಭೆಯಲ್ಲಿ ಇನ್ನೊಬ್ಬರ ಹೋಟೆಲಿನ ಗಲ್ಲಾದಲ್ಲಿ ಕೂರುತ್ತೀರಿ. ಕರೆಂಟ್ ಬಿಲ್ಲು ಬಂದರೂ "ನಾನು ಸಮಾ ಓದುವವನಲ್ಲ, ನೀನೇ ನೋಡು" ಎಂದು ಅಕ್ಕನ ಕೈಗೆ ಕೊಡುತ್ತೀರಿ. ಅದನ್ನು ಕಂಡಾಗಲೆಲ್ಲ — ಹಣ ಹೋದದ್ದಕ್ಕಿಂತ ಅದೇ ನನ್ನನ್ನು —

ಆ ಸಾಲುಗಳಿದ್ದರೂ ನೀವು ಹಣ ಹಾಕುತ್ತಿದ್ದಿರೇನೋ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಇರಬಹುದು. ಅದನ್ನು ನಿರ್ಧರಿಸಬೇಕಾದವರು ನೀವಾಗಿದ್ದಿರಿ.

ಇದು ಅಚ್ಚಾಗುವ ಮೊದಲು ತುರ್ಭೆಯ ನಿಮ್ಮ ಮನೆಗೆ ಬರುತ್ತೇನೆ. ಸುಮತಿ ಅಕ್ಕ ಮನೆಯಲ್ಲಿರುವ ಹೊತ್ತಿಗೇ ಬರುತ್ತೇನೆ, ಅವರ ಎದುರಿಗೇ ಹೇಳುತ್ತೇನೆ: ಅಚ್ಚಾದದ್ದನ್ನೆಲ್ಲ ನೀವು ಓದಿದ್ದಿರಿ.