ದುರುಗಮ್ಮನ ಇನ್ನೊಂದು ರೊಟ್ಟಿ

ಹಗರಿಬೊಮ್ಮನಹಳ್ಳಿಯ ನಮ್ಮ ಹಾಸ್ಟೆಲ್ಲಿನಲ್ಲಿ ಅಡಿಗೆಯ ದುರುಗಮ್ಮನ ಮುಂದೆ ‘ಸಾಕು’ ಎಂದು ಗೆದ್ದವರನ್ನು ನಾನು ಕಾಣೆ. ವಾರ್ಡನ್ ಆಗಿ ಬಂದ ನನ್ನ ಹೊಟ್ಟೆಯೇ ಅದಕ್ಕೆ ಸಾಕ್ಷಿ. ತಟ್ಟೆಗೆ ಕೈ ಅಡ್ಡ ಹಿಡಿದರೆ ಅವಳ ಪಾಲಿಗೆ ಅದು ನಾಚಿಕೆ; ಮತ್ತೆ ಹಿಡಿದರೆ ಇನ್ನೂ ಹೆಚ್ಚು ನಾಚಿಕೆ. ಅವಳು ಹುಟ್ಟಿ ಬೆಳೆದ ತೆಲಿಗಿಯಲ್ಲಿ ಒಂದೇ ಮಾತಿಗೆ ಬಡಿಸುವುದನ್ನು ನಿಲ್ಲಿಸಿದರೆ ಮನೆಯ ಮರ್ಯಾದೆ ಹೋದ ಹಾಗೆ.

ಅವಳ ಮಗಳು ಕೋಮಲಾ ಯಾವುದೋ ಪುಟ್ಟ ದ್ವೀಪದೇಶದ ಹೆಣ್ಣುಮಕ್ಕಳಿಗೆ ಕಬಡ್ಡಿ ಕೋಚ್. ಆ ದೇಶದ ಹೆಸರು ನಮ್ಮ ನಾಲಿಗೆಗೆ ಹತ್ತದೆ ಎಲ್ಲರೂ ‘ಕೋಮಲಾನ ದೇಶ’ ಎಂದೇ ಕರೆದೆವು. ಮೊದಲ ಸಲ ಏಷ್ಯನ್ ಗೇಮ್ಸ್‌ಗೆ ಹೊರಟಿದ್ದ ತಂಡವನ್ನು ಅವಳು ತರಬೇತಿಗೆಂದು, ರಜೆಗೆ ಖಾಲಿಯಿದ್ದ ನಮ್ಮ ಹಾಸ್ಟೆಲ್ಲಿಗೆ ಕರೆತಂದಳು. ಇದ್ದವರೇ ಏಳು ಜನ. ಒಬ್ಬಳು ತಪ್ಪಿದರೂ ತಂಡವೇ ಇಲ್ಲ.

ಅವರಲ್ಲಿ ಶಿಫಾ ಗಟ್ಟಿ ರೈಡರ್. ದಿನವೂ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದಳು. ದುರುಗಮ್ಮ ದಿನವೂ ರೊಟ್ಟಿ, ಎಣ್ಣೆಗಾಯಿ, ಮೇಲೊಂದು ಶೇಂಗಾ ಹೋಳಿಗೆ ಹಾಕುತ್ತಿದ್ದಳು. ಹುಡುಗಿ ಒಂದು ಚೂರೂ ಬಿಡದೆ ತಿನ್ನುತ್ತಿದ್ದಳು. ಹೊರಡುವ ವಾರ ತೂಕ ನೋಡಿದರೆ ಎಪ್ಪತ್ತೈದು ಕೆಜಿ ದಾಟಿತ್ತು. ಅದನ್ನು ದಾಟಿದವರು ಆಡುವಂತಿಲ್ಲ.

“ಅವ್ವಾ, ಉಣಿಸಿ ಉಣಿಸಿ ನನ್ನ ಟೀಮು ಮುಳುಗಿಸಿದಿ!” ಎಂದು ಕೋಮಲಾ ಹರಿಹಾಯ್ದಳು.

“ನಾಚಿಕಿ ಪಡ್ತಾಳ ಅನ್ಕೊಂಡ್ನೇ ಯವ್ವಾ. ಬ್ಯಾಡಾದ್ರ ಬಿಡಬೇಕಿತ್ತಲ್ಲ?”

“ತಾಟಿನ್ಯಾಗ ಬಿಟ್ರ ಅಡಿಗಿ ಮಾಡಿದವರಿಗೆ ಅವಮಾನ ಅಂತಾರ ಅವರ ಕಡಿ!”

ದುರುಗಮ್ಮ ಹೋಳಿಗೆ ಡಬ್ಬಿಯನ್ನು ಅಟ್ಟಕ್ಕೇರಿಸಿದಳು. ಆ ವಾರ ಶಿಫಾಗೆ ಒಂದೇ ರೊಟ್ಟಿ ಬಡಿಸಿ, ಮುಖ ಅತ್ತ ತಿರುಗಿಸಿ ನಿಲ್ಲುತ್ತಿದ್ದಳು. ತಾನೂ ಅಷ್ಟೇ ತಿಂದಳು. ನನಗೆ ನಗು ಬರುತ್ತಿತ್ತು, ಪಾಪ ಅನ್ನಿಸುತ್ತಲೂ ಇತ್ತು.

ಅವರು ಪಂದ್ಯ ಸೋತರು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ಕಾಯಿಸುವುದು ನನ್ನ ಜಾಯಮಾನವಲ್ಲ. ನಾವು ಜೀವ ಬಿಗಿ ಹಿಡಿದು ಕೂತಿದ್ದದ್ದು ಅದರ ಹಿಂದಿನ ದಿನ, ಅಲ್ಲಿ ಆಟಗಾರರ ತೂಕ ನೋಡುವ ದಿನ. ಬೆಳಗಿನಿಂದ ದುರುಗಮ್ಮ ಹನಿ ನೀರೂ ಮುಟ್ಟಿರಲಿಲ್ಲ. ಮಧ್ಯಾಹ್ನ ವಿಡಿಯೊ ಕಾಲ್ ಬಂದು ಮೊಬೈಲ್ ಹೊಡೆದುಕೊಂಡಾಗ ಅದನ್ನು ನನ್ನ ಕೈಗೆ ತುರುಕಿದಳು.

“ಅವ್ವಾ, ಪಾಸಾದ್ಲು! ಏಳೂ ಮಂದಿ ಆಡ್ತಾರ!” ಕೋಮಲಾ ಕೂಗಿದಳು. ಹಿಂದಿನಿಂದ ಶಿಫಾ ಮುಂದೆ ಬಂದು, ಖಾಲಿ ತಟ್ಟೆಯೊಂದನ್ನು ಎರಡೂ ಕೈಯಲ್ಲಿ ನಮ್ಮತ್ತ ಚಾಚಿದಳು.

“ಈಗ ಬೇಡ್ತಾಳ ನೋಡ್ರಿ ಮೇಡಮ್, ಈಗ ಹ್ಯಾಂಗ ಹಾಕ್ಲಿ?” ಎನ್ನುತ್ತಾ ದುರುಗಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

ಅವಳನ್ನು ಕೂರಿಸಿ ನಾನೇ ಬಡಿಸಿದೆ. ಒಂದು ರೊಟ್ಟಿ ಮುಗಿಯುತ್ತಲೇ ಅವಳು ತಟ್ಟೆಗೆ ಕೈ ಅಡ್ಡ ಹಿಡಿದಳು.

“ಸಾಕ್ರಿ ಮೇಡಮ್.”

ಆ ಕೈಯ ಮೇಲೆಯೇ ಇನ್ನೊಂದು ಹಾಕಿದೆ.