ಹಸಿರು ರಿಪೋರ್ಟಿನ ಮುಖಪುಟಕ್ಕೆ ನನ್ನದೊಂದು ಫೋಟೋ

ಈಚೆಗೆ ಒಂದು ಬೆಳಿಗ್ಗೆ ನನ್ನ ಮೊಬೈಲು ನನ್ನನ್ನು ಹೊಗಳಿತು. ‘ಅಭಿನಂದನೆಗಳು! ಇಂದು ನೀವು ಭೂಮಿಯ ಉಸಿರು ಹಗುರ ಮಾಡಿದ್ದೀರಿ’ ಎಂದು ಪರದೆಯ ಮೇಲೆ ಹಸಿರು ಎಲೆಯೊಂದು ಕುಣಿಯಿತು.

ಆಗ ನನ್ನ ಉಸಿರು ಹೇಗಿತ್ತು ಗೊತ್ತೇ? ಡೊಂಬಿವಲಿಯಲ್ಲಿ ಹತ್ತಿದ ಫಾಸ್ಟ್ ಲೋಕಲ್ ರೈಲು ದಿವಾ ಸ್ಟೇಷನ್ ದಾಟುತ್ತಿತ್ತು. ಲೇಡೀಸ್ ಡಬ್ಬಿಯಲ್ಲಿ ನಾನು ಒಂಟಿಕಾಲಿನಲ್ಲಿ ನಿಂತಿದ್ದೆ. (ಇನ್ನೊಂದು ಕಾಲೂ ಡಬ್ಬಿಯಲ್ಲೇ ಇತ್ತು. ಎಲ್ಲಿ ಎಂದು ಮಾತ್ರ ಕೇಳಬೇಡಿ.) ಯಾರದೋ ಟಿಫಿನ್ನು ನನ್ನ ಪಕ್ಕೆಲುಬು ಒತ್ತುತ್ತಿತ್ತು, ಯಾರದೋ ಜಡೆ ನನ್ನ ಬಾಯಲ್ಲಿತ್ತು. ಮುಂದೆ ನಿಂತವಳ ಹೆಗಲ ಮೇಲೆ ಮೊಬೈಲಿಟ್ಟು ಆ ಹೊಗಳಿಕೆ ಓದಿದೆ. ಅವಳೂ ಕತ್ತು ತಿರುಗಿಸಿ ಓದಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಇದು ನಮ್ಮ ಕಂಪನಿಯ ಹೊಸ ಆ್ಯಪ್. ನವಿಮುಂಬಯಿಯ ಮಹಾಪೆಯಲ್ಲಿ ವಾಲ್ವ್ ತಯಾರಿಸುವ ಕಂಪನಿಯೊಂದರ ಪರ್ಚೇಸ್ ವಿಭಾಗದಲ್ಲಿ ನನ್ನ ಕೆಲಸ ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. (ಪೈಪಿನ ವಾಲ್ವ್, ಹೃದಯದ್ದಲ್ಲ. ಉಡುಪಿಯಲ್ಲಿರುವ ನನ್ನ ಸೋದರತ್ತೆ ಈಗಲೂ ನನ್ನ ಹತ್ತಿರ ಎದೆನೋವಿಗೆ ಸಲಹೆ ಕೇಳುತ್ತಾರೆ.)

ಮೊದಲೆಲ್ಲ ನಮ್ಮ ವಿದೇಶಿ ಗಿರಾಕಿಗಳು ಎರಡೇ ಪ್ರಶ್ನೆ ಕೇಳುತ್ತಿದ್ದರು. ರೇಟು ಎಷ್ಟು? ಮಾಲು ಯಾವಾಗ? ಈಗ ಪ್ರಶ್ನೆಗಳ ಮಳೆ. ವಾಲ್ವ್ ಮಾಡುವಾಗ ಎಷ್ಟು ಕರೆಂಟು ಉರಿಯಿತು? ನೀರು ಎಷ್ಟು ಹೋಯಿತು? ನಿಮ್ಮ ನೌಕರರು ಕೆಲಸಕ್ಕೆ ಹೇಗೆ ಬರುತ್ತಾರೆ? ಇದಕ್ಕೆಲ್ಲ ಉತ್ತರ ಕೊಡುವ ಪುಸ್ತಕವೇ ಸಸ್ಟೇನೆಬಿಲಿಟಿ ರಿಪೋರ್ಟ್. ಲಾಭ ಎಷ್ಟಾಯಿತು ಎಂದು ಹೇಳುವ ವರದಿ ಒಂದಾದರೆ, ಆ ಲಾಭ ಮಾಡುವಾಗ ಭೂಮಿಗೆ ಎಷ್ಟು ತೊಂದರೆ ಕೊಟ್ಟೆವು ಎಂದು ಒಪ್ಪಿಕೊಳ್ಳುವ ವರದಿ ಇದು.

ಹಿಂದೆ ಇದನ್ನು ಬರೆಯುವುದು ಸುಲಭವಿತ್ತು. ಡೈರೆಕ್ಟರ್ ಸಾಹೇಬರು ಒಂದು ಸಸಿ ನೆಡುತ್ತಿದ್ದರು, ಫೋಟೋ ತೆಗೆಯುತ್ತಿದ್ದೆವು, ಮುಗಿಯಿತು. ಈಗ ಕಾಲ ಬದಲಾಗಿದೆ. ಕರೆಂಟ್ ಮೀಟರಿಗೊಂದು ಸೆನ್ಸರ್, ನೀರಿನ ಪೈಪಿಗೊಂದು ಸೆನ್ಸರ್. ಎಲ್ಲ ಲೆಕ್ಕ ತಾನಾಗಿ ಕಂಪ್ಯೂಟರಿಗೆ ಹೋಗುತ್ತದೆ. ಸಾಹೇಬರ ಕ್ಯಾಬಿನ್ನಿನ ದೊಡ್ಡ ಪರದೆಯಲ್ಲಿ ಕೆಲವು ಪಟ್ಟಿ ಹಸಿರಾಗಿ, ಕೆಲವು ಕೆಂಪಾಗಿ ಕಾಣುತ್ತವೆ. ಅದನ್ನೆಲ್ಲ ನೋಡಿ ಎಐ ಚಂದದ ಇಂಗ್ಲಿಷಿನಲ್ಲಿ ರಿಪೋರ್ಟ್ ಬರೆಯುತ್ತದೆ. ಇನ್ನು ನಾವು ನೌಕರರು? ನಮ್ಮ ಜೇಬಿನಲ್ಲಿ ಈ ಆ್ಯಪ್. ಮೊಬೈಲು ಕುಲುಕುವ ರೀತಿ ನೋಡಿಯೇ ಇವಳು ನಡೆಯುತ್ತಿದ್ದಾಳೋ, ರೈಲಿನಲ್ಲಿದ್ದಾಳೋ, ಕಾರಿನಲ್ಲಿದ್ದಾಳೋ ಎಂದು ಅದು ಕಂಡುಹಿಡಿಯುತ್ತದೆ!

ಈ ಮಾಯಾಲೋಕವನ್ನು ನಡೆಸುವವಳು ಪ್ರಾಚಿ. ಘೋಡಬಂದರ್ ರಸ್ತೆಯ ದೊಡ್ಡ ಕಾಂಪ್ಲೆಕ್ಸಿನಲ್ಲಿ ಬೆಳೆದ ಹುಡುಗಿ, ಚುರುಕು, ನಗುಮುಖ. ತಾಯಿ ಕಾರ್ಕಳದವರು. ಕನ್ನಡ, ತುಳು ಎರಡೂ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಆಫೀಸಿನಲ್ಲಿ ನಾನು ಅವಳಿಗೆ ಶಾಲಿನಿ ಮ್ಯಾಡಮ್, ಕ್ಯಾಂಟೀನಿನಲ್ಲಿ ಆಂಟಿ.

ಒಂದು ದಿನ ಪ್ರಾಚಿ ಕುಣಿಯುತ್ತ ನನ್ನ ಟೇಬಲಿಗೆ ಬಂದಳು. “ಆಂಟಿ! ಆಪ್ ಗ್ರೀನ್ ಚಾಂಪಿಯನ್ ಬನ್ ಗಯೇ!”

ನಾನು ಗ್ರೀನ್ ಚಾಂಪಿಯನ್! ಇಡೀ ಕಂಪನಿಯಲ್ಲಿ ಅತಿ ಕಡಿಮೆ ಹೊಗೆಯಲ್ಲಿ ಅತಿ ದೂರದಿಂದ ಬರುವವಳು ನಾನಂತೆ. ಶಾಲೆಯಲ್ಲಿ ಲಿಂಬೆ-ಚಮಚ ಓಟದಲ್ಲೂ ಬಹುಮಾನ ಕಾಣದವಳು ನಾನು. ಸಂಜೆ ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಅವರು ಚಾ ಲೋಟ ಕೆಳಗಿಟ್ಟು, “ಎಂಚಿನ ಮಾರಾಯ್ತಿ! ನಿನಗೆ ಕಾರು ಇಲ್ಲದ್ದಕ್ಕೂ ಪ್ರೈಜಾ?” ಎಂದರು. ಅದೂ ಸರಿಯೇ. ಆದರೂ ಆ ರಾತ್ರಿ ನಾನು ಫೋಟೋಕ್ಕೆಂದು ನೀಲಿ ಸೀರೆಯೊಂದನ್ನು ಇಸ್ತ್ರಿ ಮಾಡಿಟ್ಟೆ.

ಹೌದು, ಫೋಟೋ. ರಿಪೋರ್ಟಿನ ಮುಖಪುಟಕ್ಕೆ. ಮೊದಲು ಎಐಗೆ ಹೇಳಿದ್ದರಂತೆ, ‘ಮುಂಬಯಿಯ ಲೋಕಲ್ಲಿನಲ್ಲಿ ಸಂತೋಷವಾಗಿರುವ ಮಹಿಳೆ’ ಎಂದು. ಅದು ಬಿಡಿಸಿದ ಚಿತ್ರದಲ್ಲಿ ಖಾಲಿ ಡಬ್ಬಿ, ಎಳೆಬಿಸಿಲು, ಕಿಟಕಿ ಪಕ್ಕ ಹೂವಿನ ಕುಂಡ ಹಿಡಿದು ಕೂತ ಹೆಂಗಸು! ಆ ರೈಲು ಎಲ್ಲಿಂದ ಹೊರಡುತ್ತದೆ ಎಂದು ಗೊತ್ತಾದರೆ ನಾಳೆಯೇ ಪಾಸ್ ಮಾಡಿಸುತ್ತೇನೆ. ಸಾಹೇಬರು, “ಇದು ಬೇಡ, ನಿಜವಾದ ಹೆಂಗಸು ಬೇಕು” ಎಂದರಂತೆ. ಆ ನಿಜವಾದ ಹೆಂಗಸು ನಾನು.

ಹೀಗೆ ಪ್ರಾಚಿ ಒಂದು ಬೆಳಿಗ್ಗೆ ಡೊಂಬಿವಲಿಗೆ ಬಂದಳು. ಬಿಳಿ ಕುರ್ತಾ, ಬಿಳಿ ಶೂ.

“ಕ್ಯಾಬಲ್ಲಿ ಬಂದ್ಯಾ?” ಎಂದೆ.

“ಆಂಟಿ, ಪ್ಲೀಸ್! ಆ್ಯಪ್ ಬಂದ್ ಕರ್ಕೆ ಆಯಿ ಹೂಂ!”

ಆ್ಯಪ್ ಆಫ್ ಮಾಡಿ ಬಂದಿದ್ದಾಳಂತೆ. ಪರಿಸರ ವಿಭಾಗದ ಮುಖ್ಯಸ್ಥೆ! ಪ್ಲಾಟ್‌ಫಾರ್ಮಿನಲ್ಲೇ ಹೊಟ್ಟೆ ಹಿಡಿದು ನಕ್ಕೆ.

ಅವಳ ಯೋಜನೆ ಹೀಗಿತ್ತು. ಟ್ರೈನು ಬರುತ್ತದೆ. ನಾನು ಹತ್ತಿ, ಬಾಗಿಲಲ್ಲಿ ತಿರುಗಿ, ಮುಗುಳ್ನಗುತ್ತೇನೆ. ಅವಳು ಪ್ಲಾಟ್‌ಫಾರ್ಮಿನಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡಿ, ಅದರಿಂದ ಫೋಟೋ ಆರಿಸಿಕೊಳ್ಳುತ್ತಾಳೆ. ಬೆಳಗಿನ ಡೊಂಬಿವಲಿಯಲ್ಲಿ ಬಾಗಿಲಲ್ಲಿ ತಿರುಗಿ ಮುಗುಳ್ನಗುವುದು! ಈ ಊರಿನವರು ಯಾರಾದರೂ ಈ ಸಾಲು ಓದುತ್ತಿದ್ದರೆ ದಯವಿಟ್ಟು ನೀರು ಕುಡಿದು ಮುಂದುವರಿಯಿರಿ.

“ಪ್ರಾಚಿ, ನೀನು ಆ ಕಂಬದ ಹಿಂದೆ ನಿಲ್ಲು” ಎಂದೆ.

“ಬಸ್ ಏಕ್ ಸೆಕೆಂಡ್, ಆಂಟಿ.”

ಟ್ರೈನು ಬಂತು. ಅದು ಪೂರ್ತಿ ನಿಲ್ಲುವ ಮೊದಲೇ ಹಿಂದಿನಿಂದ ಒಂದು ಅಲೆ ಎದ್ದಿತು. ನಾನು ಹತ್ತಲಿಲ್ಲ. ಡೊಂಬಿವಲಿಯಲ್ಲಿ ಯಾರೂ ಹತ್ತುವುದಿಲ್ಲ, ಹತ್ತಿಸಲ್ಪಡುತ್ತೇವೆ. ಒಳಗೆ ಸೇರಿ ಕಣ್ಣು ಬಿಟ್ಟಾಗ ನನ್ನ ಬೆನ್ನ ಹಿಂದಿನಿಂದ ಒಂದು ಕ್ಷೀಣ ದನಿ ಕೇಳಿತು. “ಆಂಟೀ... ಮೈ ಭೀ ಅಂದರ್ ಆ ಗಯೀ!”

ಪ್ರಾಚಿಯೂ ಒಳಗೇ! ಮೊಬೈಲು ಹಿಡಿದ ಬಲಗೈ ಮೇಲಕ್ಕೆ ಹೋಗಿದ್ದು ಅಲ್ಲೇ ನಿಂತಿದೆ. ಕೆಳಗಿಳಿಸಲು ಜಾಗವಿಲ್ಲ. ವಿಡಿಯೋ ಓಡುತ್ತಲೇ ಇದೆ. ಎಡಗಾಲಿನ ಬಿಳಿ ಶೂ ಮಾತ್ರ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲೇ ಉಳಿದಿತ್ತು. ಟ್ರೈನು ಹೊರಟೇಬಿಟ್ಟಿತು. ಅವಳ ಕಣ್ಣು ತುಂಬಿ ಬಂತು. ಆಗ ನನಗೂ ನಗು ಹೋಗಿ ಗಾಬರಿಯಾಯಿತು. ಈ ಹುಡುಗಿ ಲೋಕಲ್ಲಿನಲ್ಲಿ ಈ ಹೊತ್ತಿಗೆ ಎಂದೂ ಬಂದವಳಲ್ಲ. ತಲೆ ತಿರುಗಿ ಬಿದ್ದರೆ?

ಅಷ್ಟರಲ್ಲಿ ಕಿಟಕಿ ಸೀಟಿನಿಂದ ಮಹಾದೇವಿ ಕೂಗಿದಳು. “ಶಾಲಿನಕ್ಕಾ, ಯಾರ್ ಇಕಿ? ಬಿಳಿ ಅರಿವಿ ಹಾಕ್ಕೊಂಡು ಲೋಕಲ್ ಹತ್ಯಾಳಲ್ಲ!”

ಮಹಾದೇವಿ ವಿಜಯಪುರದ ಕಡೆಯವಳು. ನಮ್ಮದೇ ಕಂಪನಿಯ ಪ್ಯಾಕಿಂಗ್ ವಿಭಾಗದಲ್ಲಿ ಕಾಂಟ್ರಾಕ್ಟಿನ ಮೇಲೆ ದುಡಿಯುತ್ತಾಳೆ, ಹಾಗಾಗಿ ಅವಳಿಗೆ ಆ್ಯಪೂ ಇಲ್ಲ, ಚಾಂಪಿಯನ್ ಪಟ್ಟವೂ ಇಲ್ಲ. ಕಲ್ಯಾಣದಿಂದಲೇ ಹೊರಡುವ ಟ್ರೈನು ಹಿಡಿಯುವುದರಿಂದ ಅವಳಿಗೆ ಸೀಟು ಸಿಗುತ್ತದೆ. ಈಗಂತೂ ಬೇಕೇ ಬೇಕು, ಏಳು ತಿಂಗಳ ಬಸುರಿ.

“ನಮ್ಮ ಆಫೀಸಿನ ಪ್ರಾಚಿ ಮ್ಯಾಡಮ್ಮು. ಪರಿಸರದವರು” ಎಂದೆ.

“ಪರಿಸರದಾಕಿನ? ಅಯ್ಯ ಪಾಪ, ಆಕಿಗೇ ಗಾಳಿ ಇಲ್ಲ ನೋಡ್ರಿ!”

ಸುತ್ತಲಿದ್ದ ಕನ್ನಡದವರೆಲ್ಲ ಘೊಳ್ಳೆಂದರು. ಯಾರೋ ಮರಾಠಿಯಲ್ಲಿ ಅನುವಾದಿಸಿದರು, ಅತ್ತ ಕಡೆಯೂ ಘೊಳ್ಳೆಂದಿತು. “ಅಳಬ್ಯಾಡವ್ವಾ” ಎಂದು ಮಹಾದೇವಿ ತನ್ನ ನೀರಿನ ಬಾಟಲಿ ದಾಟಿಸಿದಳು. ಅದು ನಾಲ್ಕಾರು ಕೈ ಬದಲಾಯಿಸಿ ಪ್ರಾಚಿಯ ಬಾಯಿಗೆ ಬಂತು. ಯಾರೋ ಸರಿದು ಅವಳಿಗೆ ಫ್ಯಾನಿನ ಕೆಳಗೆ ಅಂಗೈಯಗಲ ಜಾಗ ಮಾಡಿದರು.

ಅದೃಷ್ಟಕ್ಕೆ ಅಂದು ನಮ್ಮ ಗುಂಪಿನಲ್ಲಿ ಒಬ್ಬಳ ಹುಟ್ಟುಹಬ್ಬ. ಮುಂಬ್ರಾದ ಗುಡ್ಡ ಕಾಣುವ ಹೊತ್ತಿಗೆ ಕೇಕಿನ ಡಬ್ಬಿ ತಲೆಗಳ ಮೇಲೆ ತೇಲುತ್ತ ಬಂತು. ಹಾಡು ಶುರುವಾಯಿತು. ಚಪ್ಪಾಳೆಗೆ ಕೈ ಯಾರಿಗಿದೆ? ಬಾಯಲ್ಲೇ ‘ಟಪ್ ಟಪ್’ ಎಂದೆವು. ಕೈ ಮೇಲಿದ್ದ ಪ್ರಾಚಿಗೆ ಯಾರೋ ಸೀದಾ ಬಾಯಿಗೇ ಕೇಕು ಇಟ್ಟರು. ಕ್ರೀಮು ಮೂಗಿಗೂ ಹತ್ತಿತು. ಆಗಲೇ ಅವಳ ಸ್ಮಾರ್ಟ್ ಕೈಗಡಿಯಾರ ‘ನೀವು ವ್ಯಾಯಾಮ ಮಾಡುತ್ತಿರುವಂತಿದೆ, ದಾಖಲಿಸಲೇ?’ ಎಂದು ಕೇಳಿತು. ಪ್ರಾಚಿ ಅದನ್ನು ಗಟ್ಟಿಯಾಗಿ ಓದಿದಳು, ನಗಲು ಶುರು ಮಾಡಿದಳು. ನಕ್ಕಳು, ನಕ್ಕಳು, ಠಾಣೆ ಬರುವವರೆಗೂ ನಿಲ್ಲಿಸಲಾಗಲಿಲ್ಲ. ಅವಳನ್ನು ನೋಡಿ ಇಡೀ ಡಬ್ಬಿ ನಕ್ಕಿತು. ಇಷ್ಟು ವರ್ಷ ಓಡಾಡಿದ್ದೇನೆ, ಲೋಕಲ್ಲು ಹಾಗೆ ನಕ್ಕಿದ್ದನ್ನು ನಾನು ನೋಡಿಲ್ಲ.

ಠಾಣೆಯಲ್ಲಿ ಇಳಿದು ಪ್ರಾಚಿಗೆ ರಬ್ಬರ್ ಚಪ್ಪಲಿ ಕೊಂಡೆವು. ಮಹಾದೇವಿಯೂ ಜೊತೆಯಾದಳು. ಟ್ರೈನು ಬದಲಿಸಿ ಘನಸೋಲಿ ಸ್ಟೇಷನ್ನಿನಲ್ಲಿ ಇಳಿದೆವು. ಹೊರಗೆ ಶೇರ್ ಆಟೋದ ಸಾಲು. ಬಿಸಿಲಲ್ಲಿ ಬಹಳ ಹೊತ್ತು ನಿಂತ ಮೇಲೆ ಒಂದು ಸಿಕ್ಕಿತು. ಪ್ರಾಚಿ ಇನ್ನೂ ಕೇಕಿನ ಗುಂಗಿನಲ್ಲೇ ಇದ್ದಳು.

ಮೊದಲ ಗುಂಡಿಗೆ ಆಟೋ ಎಗರಿತು. ಅಲ್ಲಿಯವರೆಗೆ ವಟವಟ ಎನ್ನುತ್ತಿದ್ದ ಮಹಾದೇವಿ ಸುಮ್ಮನಾದಳು. ಎರಡನೆಯದಕ್ಕೆ ಪ್ರಾಚಿಯ ಕೈ ಹಿಡಿದುಕೊಂಡಳು. ಮೂರನೆಯದಕ್ಕೆ ಕಣ್ಣು ಮುಚ್ಚಿದಳು.

“ಈ ವಾರ ಆದ ಮ್ಯಾಲ ನಾ ಬರಾಂಗಿಲ್ಲಕ್ಕ” ಎಂದಳು. “ರೈಲಿನ್ಯಾಗರ ಮಂದಿ ಸೀಟ್ ಕೊಡ್ತಾರ. ಇಲ್ಲಿ ಗುಂಡಿ ಅಷ್ಟ ಸಿಗ್ತಾವ.”

ಕೆಲಸ ಬಿಟ್ಟರೆ ಅವಳ ಹೆರಿಗೆ ರಜೆಯೂ ಹೋಗುತ್ತದೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ಪ್ರಾಚಿ ನನ್ನ ಕಡೆ ತಿರುಗಿದಳು. “ಆಂಟಿ, ಅಪ್ನಾ ಬಸ್ ಥಾ ನಾ ಯಹಾಂ ಸೇ?”

“ಇತ್ತು, ಪ್ರಾಚಿ. ಪರದೆ ಹಸಿರಾಗಬೇಕು ಅಂತ ನಿಲ್ಲಿಸಿದರು.”

ವಿಷಯ ಇಷ್ಟೇ. ಸ್ಟೇಷನ್ನಿನಿಂದ ನಮ್ಮನ್ನು ಕರೆತರುತ್ತಿದ್ದ ಬಸ್ಸು ಕಂಪನಿಯದೇ. ಅದರ ಡೀಸೆಲ್ಲಿನ ಹೊಗೆ ಕಂಪನಿಯ ಲೆಕ್ಕಕ್ಕೆ ಬೀಳುತ್ತಿತ್ತು, ಪರದೆಯಲ್ಲಿ ಒಂದು ಪಟ್ಟಿ ಕೆಂಪಗಿತ್ತು. ಬಸ್ಸು ನಿಲ್ಲಿಸಿದರು, ಪಟ್ಟಿ ಹಸಿರಾಯಿತು. ನಾವೆಲ್ಲ ಆಟೋ ಹತ್ತಿದೆವು. ಆಟೋದ ಹೊಗೆ? ಅದು ಬೇರೆ ಕಾಲಂ. ಆ ಕಾಲಂ ಈ ವರ್ಷ ತುಂಬಲೇಬೇಕೆಂದಿಲ್ಲವಂತೆ! (ನಮ್ಮ ಮನೆಯ ಕಸ ಪಕ್ಕದ ಮನೆಯ ಬಾಗಿಲಿಗೆ ಗುಡಿಸಿ ‘ನೋಡಿ, ಎಷ್ಟು ಕ್ಲೀನು’ ಎಂದ ಹಾಗೆ.) ಪ್ರಾಚಿ ಅದನ್ನು ಸಾಧನೆ ಎಂದೇ ಸ್ಲೈಡಿನಲ್ಲಿ ಹಾಕಿದ್ದಳು. ಅವಳಿಗೆ ಬಂದದ್ದು ಅಷ್ಟೇ, ಒಂದು ಬಣ್ಣ. ಈಗ ಆ ಬಣ್ಣದ ಪಕ್ಕದಲ್ಲೇ ಕೂತಿದ್ದಳು, ಕೈ ಹಿಡಿದುಕೊಂಡು. ಗೇಟು ಬರುವವರೆಗೆ ಅವಳು ಮಹಾದೇವಿಯ ಕೈ ಬಿಡಲಿಲ್ಲ.

ಮಧ್ಯಾಹ್ನ ಮೀಟಿಂಗು. ಚಾಂಪಿಯನ್ ಎಂದು ನನ್ನನ್ನೂ ಕರೆದಿದ್ದರು. ಪ್ರಾಚಿ ರಬ್ಬರ್ ಚಪ್ಪಲಿಯಲ್ಲೇ ಎದ್ದು ನಿಂತಳು. ಮೊದಲು ಎಐ ಬರೆದ ಸಾಲನ್ನು ಓದಿದಳು. ‘ನಮ್ಮ ನೌಕರರು ಹರ್ಷದಿಂದ ಸಾರ್ವಜನಿಕ ಸಾರಿಗೆಯನ್ನು ಆರಿಸಿಕೊಂಡಿದ್ದಾರೆ.’ ಆಮೇಲೆ, “ಸರ್, ಹರ್ಷ್ ದಿಖಾತೀ ಹೂಂ” ಎಂದು, ಆ ಹರ್ಷ ತೋರಿಸಲು ಬೆಳಗಿನ ವಿಡಿಯೋ ಹಾಕಿದಳು.

ದೊಡ್ಡ ಪರದೆಯ ಮೇಲೆ ಏನೇನು ಬಂತು! ನನ್ನ ಮೂಗಿನ ಎಡಹೊಳ್ಳೆ. ಧೂಳು ಹಿಡಿದ ಫ್ಯಾನು. ಲೆಕ್ಕವಿಲ್ಲದಷ್ಟು ಕೈಗಳು. ತೇಲುವ ಕೇಕು. ಹಿನ್ನೆಲೆಯಲ್ಲಿ ಮಹಾದೇವಿಯ ದನಿ. ಮೀಟಿಂಗ್ ರೂಮು ಬಿದ್ದು ಬಿದ್ದು ನಕ್ಕಿತು. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ನಗು ನಿಲ್ಲುವ ಮೊದಲೇ ಪ್ರಾಚಿ ಇನ್ನೊಂದು ಬಟನ್ ಒತ್ತಿದಳು. ಆಟೋಗಳ ಕಾಲಂ ತೆರೆದುಕೊಂಡಿತು. ಆಫೀಸಿಗೆ ಬಂದಾಗಿನಿಂದ ಕೂತು ಅವಳೇ ಅದನ್ನು ತುಂಬಿದ್ದಳು. ಹಸಿರು ಪಟ್ಟಿ ನಮ್ಮ ಕಣ್ಣೆದುರೇ ಕೆಂಪಾಯಿತು. ಬಸ್ಸಿದ್ದಾಗ ಇದ್ದುದಕ್ಕಿಂತ ಕೆಂಪು.

“ಅರೇ, ಯೇ ಕಲ್ ತಕ್ ಹರಾ ಥಾ ನಾ?” ಎಂದರು ಸಾಹೇಬರು, ಹಸಿರು ಎಲ್ಲಿ ಹೋಯಿತು ಎಂಬಂತೆ.

“ಕಲ್ ತಕ್ ಮೈನೇ ಆಧಾ ದಿಖಾಯಾ ಥಾ, ಸರ್.” ನಿನ್ನೆಯವರೆಗೆ ಅರ್ಧವೇ ತೋರಿಸಿದ್ದೆ ಎಂದಳು.  ಗಿರಾಕಿಗಳು ಬರುವ ವರ್ಷ ಈ ಕಾಲಂ ಕೇಳಿಯೇ ಕೇಳುತ್ತಾರೆ, ಆಗ ಏನು ಹೇಳುವುದು ಎಂದಳು. ಆಮೇಲೆ ಆಟೋದಲ್ಲಿ ಕಣ್ಣು ಮುಚ್ಚಿ ಕೂತ ಬಸುರಿಯ ಬಗ್ಗೆ ಹೇಳಿದಳು. ಅದನ್ನು ಯಾವ ಕಾಲಮ್ಮಿನಲ್ಲಿ ಹಾಕಲಿ ಎಂದು ಕೇಳಿದಳು.

 ಸಾಹೇಬರು ಪರದೆಯನ್ನೇ ನೋಡುತ್ತಿದ್ದರು.  ಹುಡುಗಿಯ ಕೆಲಸಕ್ಕೇ ಕುತ್ತು ಬಂದರೆ?

ಕೊನೆಗೆ ಅವರು ಟ್ರಾನ್ಸ್‌ಪೋರ್ಟ್ ನೋಡಿಕೊಳ್ಳುವವರಿಗೆ ಕೇಳಿದ್ದು ಒಂದೇ ಮಾತು. “ಸಿಎನ್‌ಜಿ ಬಸ್ ಕಬ್ ತಕ್ ಮಿಲೇಗಾ?”

ಮುಂದಿನ ಸೋಮವಾರ ಘನಸೋಲಿ ಸ್ಟೇಷನ್ನಿನ ಹೊರಗೆ ಬಾಡಿಗೆಯ, ಹೊಗೆ ಕಡಿಮೆಯ ಸಿಎನ್‌ಜಿ ಗ್ಯಾಸಿನ ಬಸ್ಸು ನಿಂತಿತ್ತು. ಅದನ್ನು ಕಂಡ ಕೂಡಲೇ ನಾವು ಹೆಂಗಸರು ಸೀಟಿ ಹೊಡೆದೆವು. (ನನಗೆ ಬರುವುದಿಲ್ಲ, ಗಾಳಿ ಊದಿದೆ.) ಮಹಾದೇವಿ ಮುಂದಿನ ಸೀಟಿನಲ್ಲಿ ಮಹಾರಾಣಿಯಂತೆ ಕೂತಳು. ಹೆರಿಗೆ ರಜೆಯವರೆಗೂ ಹಾಗೇ ಬಂದಳು. ಪ್ರಾಚಿಯೂ ವಾರಕ್ಕೊಮ್ಮೆ ಲೋಕಲ್ಲಿನಲ್ಲೇ ಬರುತ್ತಾಳೆ, ಆ್ಯಪ್ ಆನ್ ಮಾಡಿ.

ಮಹಾದೇವಿ ರಜೆಗೆ ಹೋಗುವ ಮೊದಲೇ ರಿಪೋರ್ಟು ಹೊರಬಂತು. ಮುಖಪುಟದಲ್ಲಿ ನನ್ನ ಮುಖವಿಲ್ಲ, ಹಿಡಿಗಳಿಗೆ ಜೋತುಬಿದ್ದ ಕೈಗಳ ಮಸುಕು ಚಿತ್ರವಿದೆ. ಅದರಲ್ಲಿ ಒಂದು ಕೈ ನನ್ನದು ಎಂದು ಮನೆಯಲ್ಲಿ ಸಾಧಿಸುತ್ತಿದ್ದೇನೆ. ಒಳಗೆ ಆಟೋದ ಕಾಲಂ ಇದೆ, ಕೆಂಪಗೇ ಇದೆ. ಪ್ರಾಚಿ ಒಂದು ಪ್ರತಿಯನ್ನು ಬಸ್ಸಿಗೆ ತಂದು ಮಹಾದೇವಿಗೆ ಕೊಟ್ಟಳು. ಅವಳು ಹಾಳೆ ತಿರುವಿ ನೋಡಿ, “ಭಾಳ ದಪ್ಪ ಐತಲ್ರಿ! ಇಷ್ಟೆಲ್ಲಾ ಯಾರ್ ಓದ್ತಾರ?” ಎಂದಳು.

ಪ್ರಾಚಿ ನಾಚಿಕೊಂಡು, ನಾನು ಕೇಳಿದ ಅವಳ ಮೊದಲ ಕನ್ನಡ ವಾಕ್ಯ ಹೇಳಿದಳು. “ಯಾರೂ ಓದೋದಿಲ್ಲ. ಗಿರಾಕಿ ಕಂಪನಿಯ ಸಾಫ್ಟ್‌ವೇರ್ ಓದ್ತದೆ.”

ಮಹಾದೇವಿ ಪುಸ್ತಕ ಮಡಚಿ ಮಡಿಲಲ್ಲಿಟ್ಟುಕೊಂಡಳು.

“ಹಂಗಾರ ಅದನ್ನೂ ಒಂದ್ಸಲ ಲೋಕಲ್ ಹತ್ತಸ್ರಿ!”